ಓಕೆ ಒತ್ತುವ ಮುನ್ನ

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ತಂತ್ರಾಂಶ ಬರೆಯುವ ನಮ್ಮಂಥವರನ್ನು ಈಗ ಯಾರೂ ಅಷ್ಟಾಗಿ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಪಕ್ಕದ ಕುರ್ಚಿಯವರು "ಏನು ಮಾಡ್ಕೊಂಡಿದೀರಿ?" ಅನ್ನುತ್ತಾರೆ. "ಸಾಫ್ಟ್‌ವೇರು" ಅಂದ ಕೂಡಲೇ ಮುಖ ಅರಳುತ್ತದೆ. ಮಗನ ಬಯೋಡೇಟಾ ಜೇಬಿನಲ್ಲೇ ಇದ್ದರೂ ಇರಬಹುದು. "ಆ್ಯಪಾ? ಎಐ ನಾ?" ಎಂಬುದು ಮುಂದಿನ ಪ್ರಶ್ನೆ. "ಅಲ್ಲ, ಎಸ್ಟೇಟಿನ ಹಾಜರಿ, ಅಕ್ಕಿ ಗಿರಣಿ ಬಿಲ್ಲು, ಸೊಸೈಟಿ ಲೆಕ್ಕ, ಹೀಗೆ ಮೇಜಿನ ಮೇಲಿರೋ ಕಂಪ್ಯೂಟರಿಗೆ..." ಅನ್ನುವಷ್ಟರಲ್ಲಿ ಅವರಿಗೆ ಮುಂದಿನ ಪಂಕ್ತಿಯಲ್ಲಿ ಜಾಗ ಹಿಡಿಯಬೇಕಾದದ್ದು ನೆನಪಾಗುತ್ತದೆ.

ನಮ್ಮ ಕಸುಬಿನ ಕಷ್ಟ ಇರುವುದು ಬರೆಯುವುದರಲ್ಲಲ್ಲ, ಬರೆದದ್ದು ಹೋಗಿ ಸೇರುವ ಜಾಗದಲ್ಲಿ. ಜಾಲತಾಣದವರ ಪ್ರೋಗ್ರಾಂ ಅವರದೇ ಸರ್ವರಿನಲ್ಲಿ, ಅವರ ಕಣ್ಣೆದುರಿಗೇ ಇರುತ್ತದೆ. ಕೆಟ್ಟರೆ ಕೂತಲ್ಲೇ ನೋಡಿ ಸರಿಪಡಿಸುತ್ತಾರೆ. ನಮ್ಮದು ಮಗಳನ್ನು ದೂರದ ಊರಿಗೆ ಮದುವೆ ಮಾಡಿಕೊಟ್ಟ ಹಾಗೆ. ಅಲ್ಲಿ ಹಳೆಯ ವಿಂಡೋಸ್ ಅತ್ತೆ, ಕಂಡದ್ದಕ್ಕೆಲ್ಲ ಅನುಮಾನಿಸುವ ಆ್ಯಂಟಿವೈರಸ್ ಮಾವ, ಮನಸ್ಸು ಬಂದರೆ ಮಾತ್ರ ಕೆಲಸಕ್ಕೆ ಕೈಹಾಕುವ ಪ್ರಿಂಟರ್ ನಾದಿನಿ. ತವರಿನಲ್ಲಿ ಚೂಟಿಯಾಗಿದ್ದ ಹುಡುಗಿ ಅಲ್ಲಿ ಯಾಕೆ ಮಂಕಾಗಿದ್ದಾಳೆ ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ. "ನಮ್ಮನೇಲಿ ಚೆನ್ನಾಗೇ ಇದ್ದಳಲ್ಲ" ಎಂದರೆ ಆ ಕಡೆಯವರಿಗೆ ಸಿಟ್ಟು ಬರುತ್ತದೆ, ಅಷ್ಟೆ. ಜಗತ್ತಿನ ಪ್ರೋಗ್ರಾಮರುಗಳೆಲ್ಲ ದಿನಕ್ಕೊಮ್ಮೆಯಾದರೂ ಈ ಮಾತು ಆಡುತ್ತಾರೆ. ಎಲ್ಲ ದೇಶದ ಗ್ರಾಹಕರೂ ಸಿಟ್ಟಾಗುತ್ತಾರೆ.

ಮೊದಲ ತಂಟೆ ಪ್ರೋಗ್ರಾಂ ಹೊಸ್ತಿಲು ದಾಟುವಾಗಲೇ ಶುರು. ತೆರೆಯಲು ಹೋದರೆ ಯಾವುದೋ ಡಿಎಲ್ಎಲ್ ಎಂಬ ಕಡತ ಇಲ್ಲ, ಯಾವುದೋ ಓಸಿಎಕ್ಸ್ ಎಂಬ ಬಿಡಿಭಾಗ ನೋಂದಣಿಯಾಗಿಲ್ಲ ಎಂಬ ತಕರಾರು. 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಲೆಕ್ಕದ ತಂತ್ರಾಂಶಗಳು ನಮ್ಮ ಕಡೆ ಇನ್ನೂ ಎಷ್ಟೋ ಅಂಗಡಿಗಳಲ್ಲಿ ಉಸಿರಾಡುತ್ತಿವೆ. ಆ ಭಾಷೆಯಲ್ಲಿ ಬರೆಯುವ ಸಲಕರಣೆಗೆ ಮೈಕ್ರೋಸಾಫ್ಟ್ 2008ರಲ್ಲೇ ಕೈಮುಗಿದು ಬೀಳ್ಕೊಟ್ಟಿತು. ಆದರೆ ಅದರಲ್ಲಿ ಬರೆದದ್ದು ಓಡಲು ಬೇಕಾದ ಮೂಲ ಕಡತವನ್ನು ವಿಂಡೋಸ್‌ನ ಜೊತೆಗೇ ಇವತ್ತಿಗೂ ಕಳಿಸಿಕೊಡುತ್ತಿದೆ. ಪಾಪ, ಬಿಟ್ಟರೆ ಎಷ್ಟು ಅಂಗಡಿಗಳ ಗಲ್ಲಾಪೆಟ್ಟಿಗೆ ತೆರೆಯುವುದಿಲ್ಲವೋ ಎಂಬ ಅಂದಾಜು ಅವರಿಗೂ ಇರಬೇಕು. ಮೂಲ ಕಡತ ಬರುತ್ತದೆ, ಸರಿ. ದಿನಾಂಕ ತೋರಿಸುವ ಕ್ಯಾಲೆಂಡರು, ಸಾಲುಸಾಲು ಚೌಕದ ಪಟ್ಟಿ ಇಂಥ ಬಿಡಿಭಾಗಗಳು ಬರುವುದಿಲ್ಲ. ಅವನ್ನು ನಾವೇ ಗಂಟು ಕಟ್ಟಿ ಕಳಿಸಬೇಕು. ಬರೆದವನ ಕಂಪ್ಯೂಟರಿನಲ್ಲಿ ಅವು ಯಾವತ್ತೋ ಬಂದು ಕೂತಿರುವುದರಿಂದ ಗಂಟಿನಲ್ಲಿ ಒಂದು ಕಮ್ಮಿಯಾದದ್ದು ಅವನಿಗೆ ಕಾಣುವುದೇ ಇಲ್ಲ. ಹೀಗಾಗಿ ಗ್ರಾಹಕರಿಗೆ ಕೊಡುವ ಮೊದಲು ಏನೂ ಹಾಕದ ಬೋಳು ಕಂಪ್ಯೂಟರಿನ ಮೇಲೆ ಒಮ್ಮೆ ಓಡಿಸಿ ನೋಡಬೇಕು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಪಾಲಿಸದ ನಿಯಮ.

ಇನ್ನೊಂದು ತಂಟೆ ಇದಕ್ಕಿಂತ ಸೊಗಸು. ಮೈಸೂರಿನ ಹತ್ತಿರದ ಒಂದು ಸೊಸೈಟಿಯಲ್ಲಿ ಗುಮಾಸ್ತರು ತೆಗೆದರೆ ಒಂದು ಶಿಲ್ಕು, ಕಾರ್ಯದರ್ಶಿಗಳು ತೆಗೆದರೆ ಇನ್ನೊಂದು. ಕಂಪ್ಯೂಟರ್ ಒಂದೇ, ಪ್ರೋಗ್ರಾಂ ಒಂದೇ, ಕಡತದ ಹೆಸರೂ ಒಂದೇ. ಇಬ್ಬರೂ ಪರಸ್ಪರ ನೋಡುವ ನೋಟದಲ್ಲಿ ಅಷ್ಟು ಹೊತ್ತಿಗೆ ಲೆಕ್ಕಪರಿಶೋಧನೆ ನಡೆದುಹೋಗಿತ್ತು. ಸಂಗತಿ ಇಷ್ಟೇ: ಹಳೆಯ ಪ್ರೋಗ್ರಾಂಗಳಿಗೆ ತಾವು ಕೂತ ಜಾಗದಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್ ಎಂಬ ಕೋಶದೊಳಗೇ, ಲೆಕ್ಕ ಬರೆದಿಡುವ ಚಾಳಿ. ವಿಂಡೋಸ್ ವಿಸ್ತಾ ಬಂದಮೇಲೆ ಅಲ್ಲಿ ಬರೆಯಲು ಸಾಮಾನ್ಯ ಬಳಕೆದಾರರಿಗೆ ಅಪ್ಪಣೆಯಿಲ್ಲ. ಹಾಗಂತ ಬರೆಯಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳಿದರೆ ಹಳಬರು ಬೇಜಾರು ಮಾಡಿಕೊಂಡಾರೆಂದು, ವಿಂಡೋಸ್ ಅದನ್ನು ಗುಟ್ಟಾಗಿ ವರ್ಚುವಲ್‌ಸ್ಟೋರ್ ಎಂಬ ಬೇರೆ ಕೋಶಕ್ಕೆ ತಿರುಗಿಸುತ್ತದೆ. ಪ್ರತಿ ಬಳಕೆದಾರನಿಗೂ ಅಂಥದೊಂದು ಸ್ವಂತದ್ದು. ಗುಮಾಸ್ತರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಬರೆದದ್ದು ಅವರ ಪಾಲಿನ ಪ್ರತಿಗೆ, ಕಾರ್ಯದರ್ಶಿಗಳದು ಅವರ ಪಾಲಿನ ಪ್ರತಿಗೆ. ಇಬ್ಬರ ಲೆಕ್ಕವೂ ಸರಿ, ಎರಡನ್ನೂ ಕೂಡಿಸಿದರೆ ಮಾತ್ರ ಸೊಸೈಟಿಯ ಲೆಕ್ಕ. ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂದರೆ ಇದೇ. ಕಡತವನ್ನು ಎಲ್ಲರಿಗೂ ಸೇರಿದ ಪ್ರೋಗ್ರಾಂಡೇಟಾ ಕೋಶಕ್ಕೆ ಎತ್ತಿಟ್ಟು, ಬರೆಯಲು ಅನುಮತಿ ಕೊಟ್ಟಮೇಲೆ ಅವರಿಬ್ಬರೂ ಮತ್ತೆ ಜೊತೆಯಲ್ಲಿ ಕಾಫಿಗೆ ಹೋಗತೊಡಗಿದರು.

ಕನ್ನಡದ ಪಾಡು ಬೇರೆಯೇ. ಹಳೆಯ ಪ್ರೋಗ್ರಾಂಗಳ ಪೆಟ್ಟಿಗೆಗಳಿಗೆ ಯೂನಿಕೋಡ್ ಗೊತ್ತಿಲ್ಲ. "ಕೃಷ್ಣೇಗೌಡ" ಎಂದು ಕೊಟ್ಟರೆ ಒಂಬತ್ತು ಪ್ರಶ್ನಾರ್ಥಕ ಚಿಹ್ನೆಗಳನ್ನು ಸಾಲಾಗಿ ನಿಲ್ಲಿಸುತ್ತವೆ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಅವುಗಳ ಲೆಕ್ಕದಲ್ಲಿ ಕ, ವಟ್ರಸುಳಿ, ಷ, ಹಲಂತ, ಣ, ಏತ್ವ, ಗ, ಔತ್ವ, ಡ ಎಲ್ಲ ಬೇರೆಬೇರೆ. ಅದೇ ಹೆಸರು ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ ಮೂರರಂತೆ 27 ಬೈಟ್ ನುಂಗುತ್ತದೆ. ಹೆಸರಿಗೆ 20 ಬೈಟ್ ಸಾಕೆಂದು ಇಂಗ್ಲಿಷ್ ಲೆಕ್ಕದಲ್ಲಿ ಜಾಗ ಕೊಟ್ಟವನ ದಫ್ತರದಲ್ಲಿ ಗೌಡರು ಗೌಡಿಕೆ ಕಳೆದುಕೊಂಡು ಬರಿಯ ಕೃಷ್ಣರಾಗುತ್ತಾರೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ಹೊತ್ತು ತಂದ ಮೇಲೂ ಬಹಳ ಕಾಲ ನಮ್ಮ ಕಚೇರಿಗಳು ನುಡಿ, ಬರಹಗಳ ಹಳೆಯ ಫಾಂಟುಗಳನ್ನೇ ನೆಚ್ಚಿಕೊಂಡಿದ್ದವು. ಅದಕ್ಕೆ ಕಾರಣ ಸೋಮಾರಿತನವಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡವನ್ನು ಕೂರಿಸಿದ್ದರಿಂದ ಎಂಥ ಹಳೆಯ ಪ್ರೋಗ್ರಾಂ ಆದರೂ ಮರುಮಾತಿಲ್ಲದೆ ತೋರಿಸುತ್ತಿತ್ತು. ಫಾಂಟ್ ಹಾಕದ ಕಂಪ್ಯೂಟರಿನಲ್ಲಿ ಮಾತ್ರ ಆಹ್ವಾನಪತ್ರಿಕೆ ತೆಗೆದರೆ ಮಂತ್ರವಾದಿಯ ತಗಡು ಓದಿದ ಅನುಭವ.

ಈ ಎಲ್ಲ ತಂಟೆಗಳಿಗೂ ಒಂದೇ ಪೀಠಿಕೆ: "ನಿನ್ನೆವರೆಗೂ ಚೆನ್ನಾಗಿತ್ತು. ನಾವೇನೂ ಮಾಡಿಲ್ಲ." ಈ ಎರಡು ವಾಕ್ಯಗಳಲ್ಲಿ ಮೊದಲನೆಯದು ಯಾವಾಗಲೂ ನಿಜ.

ಎರಡನೆಯದರ ಬಗ್ಗೆ ಹೇಳಬೇಕಾದರೆ ತಮಿಳುನಾಡಿನ ವಾಲ್ಪಾರೈಗೆ ಹೋಗಬೇಕು. ಅಲ್ಲಿನ ಒಂದು ಚಹಾ ಎಸ್ಟೇಟಿನ ಎಲೆ ತೂಕ ಮತ್ತು ಕೂಲಿಯ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬರೆದವರು ಯಾರೋ ಹಿಂದಿನವರು, ಕೆಲಸ ಬಿಟ್ಟು ಹೋಗಿದ್ದರು. (ಪ್ರೋಗ್ರಾಂ ಬರೆದವರು ಯಾವಾಗಲೂ ಹಿಂದಿನವರು, ಯಾವಾಗಲೂ ಕೆಲಸ ಬಿಟ್ಟವರು. ನಾಳೆ ನಾನೂ ಆಗುವವನೇ.) ಅಲ್ಲಿನ ಗುಮಾಸ್ತರು ಪೊಳ್ಳಾಚಿ ಕಡೆಯ ಕನ್ನಡ ಮನೆಯವರು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ದೇವಾಂಗರು, ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಉಳಿಸಿಕೊಂಡು ಬಂದವರು ಬೇಕಾದಷ್ಟು ಮಂದಿ ಇದ್ದಾರೆ. ಇವರದು ಮನೆಗೆ ಕನ್ನಡ, ತೋಟಕ್ಕೆ ತಮಿಳು, ಕಂಪ್ಯೂಟರಿಗೆ ಇಂಗ್ಲಿಷು. ನನಗೆ ಫೋನ್ ಮಾಡಿದಾಗ ಮೂರೂ ಒಟ್ಟಿಗೆ.

ಒಂದು ಜೂನ್ ತಿಂಗಳ ಕೊನೆಗೆ ಫೋನ್ ಬಂತು. "ಸಾರ್, ಕೊಳುಂದು ಲೆಕ್ಕ ತಪ್ಪಾಗ್ತಾ ಇದೆ. ಹದಿಮೂರನೇ ತಾರೀಕಿಂದ ಎಲ್ಲಾ ಸರಿ. ಮೊದಲು ಸರಿ ಇಲ್ಲ." ಕೊಳುಂದು ಎಂದರೆ ಅಲ್ಲಿನ ತೋಟಗಳ ತಮಿಳಿನಲ್ಲಿ ಚಹಾದ ಎಳೆ ಚಿಗುರು. ತಿಂಗಳ ಅರ್ಧ ಕೆಡುವುದು, ಅರ್ಧ ಸರಿಯಿರುವುದು, ಅದೂ ಹದಿಮೂರಕ್ಕೆ ಸರಿಯಾಗುವುದು ಎಂದರೆ ಇದಕ್ಕೆ ಕಂಪ್ಯೂಟರಿನವನು ಬೇಕೋ ಜೋಯಿಸರು ಬೇಕೋ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ನಮ್ಮಲ್ಲಿ ಹದಿಮೂರು ಎಂದ ಕೂಡಲೇ ರೋಗ ಗೊತ್ತಾಗುತ್ತದೆ. ಅಮೆರಿಕದವರು ತಿಂಗಳು ಮೊದಲು ಬರೆದು ಆಮೇಲೆ ದಿನ ಬರೆಯುತ್ತಾರೆ. ವಿಂಡೋಸನ್ನು ಹೊಸದಾಗಿ ಹಾಕಿದ ಹುಡುಗ ಪ್ರದೇಶ ಎಂಬಲ್ಲಿ ಭಾರತ ಆರಿಸದೆ ಬಿಟ್ಟರೆ ಅದು ಅಮೆರಿಕ ಎಂದೇ ತಿಳಿಯುತ್ತದೆ. 5/6 ಎಂದು ಬರೆದ ಜೂನ್ 5, ಮೇ 6 ಆಗುತ್ತದೆ. 13/6 ಬಂದಾಗ ಹದಿಮೂರನೆಯ ತಿಂಗಳು ಇಲ್ಲದ್ದರಿಂದ ವಿಷುಯಲ್ ಬೇಸಿಕ್ ತಾನೇ ಜಾಣತನ ಮಾಡಿ ತಿರುಗಿಸಿ ಓದಿಕೊಳ್ಳುತ್ತದೆ. ಈ ಜಾಣತನವೇ ಮುಳುವು. ಪೂರಾ ದಡ್ಡನಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮೊದಲ ಹನ್ನೆರಡು ದಿನಗಳಲ್ಲಿ ಹನ್ನೊಂದು ತಪ್ಪು. ಜೂನ್ 6 ಒಂದು ಮಾತ್ರ ಹೇಗೆ ತಿರುಗಿಸಿದರೂ ಜೂನ್ 6. ತಮಾಷೆಯೆಂದರೆ ಜೂನ್ 7ರ ತೂಕ ಜುಲೈ 6ಕ್ಕೆ ಹೋಗಿತ್ತು, ಜೂನ್ 12ರದು ಡಿಸೆಂಬರ್ 6ಕ್ಕೆ. ಗಿಡದಲ್ಲಿ ಇನ್ನೂ ಮೊಳೆಯದ ಚಿಗುರನ್ನು ಕಿತ್ತು, ತೂಗಿ, ಅದಕ್ಕೆ ಕೂಲಿಯನ್ನೂ ಕಟ್ಟಿಯಾಗಿತ್ತು. ಯಾವ ಕೃಷಿ ವಿಜ್ಞಾನಿಯ ಕೈಲೂ ಆಗದ ಕೆಲಸ. "ಕಂಪ್ಯೂಟರಿಗೆ ಏನಾದ್ರೂ ಮಾಡಿಸಿದ್ರಾ?" ಎಂದೆ. "ಇಲ್ಲ ಸಾರ್, ಏನೂ ಮಾಡಿಲ್ಲ." ಸ್ವಲ್ಪ ಹೊತ್ತು ತಡೆದು, "ಮೇ ಕೊನೇಲಿ ಪೊಳ್ಳಾಚಿಗೆ ಕೊಟ್ಟು ಫಾರ್ಮ್ಯಾಟ್ ಹೊಡಿಸಿದ್ವಿ, ಅಷ್ಟೇ." ಫಾರ್ಮ್ಯಾಟ್ ಹೊಡಿಸುವುದು ಅವರ ಪಟ್ಟಿಯಲ್ಲಿ ಏನಾದರೂ ಮಾಡುವುದರೊಳಗೆ ಬರುವುದಿಲ್ಲ. ಹೇರ್‌ಕಟಿಂಗ್ ಮಾಡಿಸಿದವನು ಆಪರೇಶನ್ ಆಯಿತೆಂದು ಹೇಳುತ್ತಾನೆಯೇ?

ಅದನ್ನು ಫೋನಿನಲ್ಲೇ ಸರಿಮಾಡಿದೆವು. ಅಕ್ಟೋಬರಿನಲ್ಲಿ ಬಂದದ್ದು ಫೋನಿಗೆ ಬಗ್ಗಲಿಲ್ಲ. ತಕ್ಕಡಿಯಿಂದ ತೂಕ ಬರುತ್ತಿಲ್ಲ. ಪರದೆಯಲ್ಲಿ ಸೊನ್ನೆ ಬಿಟ್ಟು ಬೇರೇನೂ ಇಲ್ಲ. "ಏನಾದ್ರೂ ಮೆಸೇಜ್ ಬಂತಾ?" ಎಂದು ಕೇಳಿದೆ. ಇದಕ್ಕೆ ಬರುವ ಉತ್ತರ ಕಾಸರಗೋಡಿನಿಂದ ಬೀದರಿನವರೆಗೆ ಒಂದೇ: "ಏನೋ ಬಂತು, ಓಕೆ ಒತ್ತಿದೆ, ಹೋಯ್ತು." ಏನು ಬಂತು? "ಏನೋ ಇಂಗ್ಲಿಷಲ್ಲಿ." ಇನ್ನೊಮ್ಮೆ ಬರಿಸಿ ಓದಿ ಎಂದೆ. ಅವರು ನಿಧಾನವಾಗಿ, ಖಜಾನೆಯ ಶಿಸ್ತಿನಲ್ಲಿ ಓದಿದರು: "ರನ್ ಟೈಮ್ ಎರರ್ ಮೈನಸ್ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಅರವತ್ತೇಳು ಸಾವಿರದ ಇನ್ನೂರ ಐವತ್ತೊಂಬತ್ತು." ತುಸು ಬಿಟ್ಟು, ದನಿ ತಗ್ಗಿಸಿ ಕೇಳಿದರು, "ಸಾರ್, ಎಸ್ಟೇಟ್ ಮಾರಿದ್ರೂ ಇಷ್ಟು ಬರಲ್ಲ. ಯಾರಿಗೆ ಕೊಡ್ಬೇಕಂತೆ?"

ಆ ಅಂಕಿಯ ಅರ್ಥ ತಿಳಿದರೆ ನಿಮಗೆ ಇನ್ನೂ ಬೇಜಾರಾದೀತು. "ಎಂಥದೋ ತಪ್ಪಾಗಿದೆ, ಯಾವುದೆಂದು ಹೇಳಲಾಗದು" ಎಂಬುದು ಅದರ ಅಧಿಕೃತ ವಿವರಣೆ. ಇಷ್ಟು ಹೇಳಲು ಹತ್ತು ಅಂಕಿ, ಒಂದು ಮೈನಸ್.

ಮಾಮೂಲಿ ಔಷಧಿಯನ್ನೂ ಕೊಟ್ಟು ನೋಡಿದೆ: ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇದನ್ನು ಜನ ಗೇಲಿ ಮಾಡುತ್ತಾರೆ, ಆದರೆ ಮದ್ದು ಒಳ್ಳೆಯದೇ. ಎಲ್ಲೋ ಸಿಕ್ಕಿಕೊಂಡ ಕಡತ, ಬಿಡಿಸದೆ ಬಿಟ್ಟ ಮೆಮೊರಿ ಎಲ್ಲ ತೊಳೆದುಹೋಗುತ್ತದೆ. ಒಂದೇ ಒಂದು ಸೂಕ್ಷ್ಮ ಇದೆ. ವಿಂಡೋಸ್ 8 ಬಂದಂದಿನಿಂದ ಶಟ್‌ಡೌನ್ ಎಂದರೆ ಪೂರ್ತಿ ಮಲಗುವುದಲ್ಲ. ಬೇಗ ಏಳಲು ಅನುಕೂಲವಾಗಲೆಂದು ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೆಳಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಕಾಯಿಲೆಯೂ ಅದರ ಜೊತೆಗೇ ಏಳುತ್ತದೆ. ನಿಜವಾಗಿ ಹೊಸದಾಗಿ ಏಳಬೇಕೆಂದರೆ ಒತ್ತಬೇಕಾದದ್ದು ರೀಸ್ಟಾರ್ಟ್. ಇದು ಗೊತ್ತಿಲ್ಲದೆ ದಿನವೂ ಶ್ರದ್ಧೆಯಿಂದ ಶಟ್‌ಡೌನ್ ಮಾಡಿ "ಆಫ್ ಮಾಡಿದ್ರೂ ಹೋಗ್ತಿಲ್ಲ" ಎಂದು ಕೊರಗುವವರು ಎಷ್ಟೋ ಮಂದಿ. ಗುಮಾಸ್ತರು ರೀಸ್ಟಾರ್ಟ್ ಮಾಡಿದರು. ಸೊನ್ನೆ ಸೊನ್ನೆಯಾಗಿಯೇ ಇತ್ತು. ಹೊರಡದೆ ವಿಧಿಯಿರಲಿಲ್ಲ.

ಪೊಳ್ಳಾಚಿಯಿಂದ ವಾಲ್ಪಾರೈಗೆ ಸುಮಾರು 65 ಕಿಲೋಮೀಟರ್. ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ ಘಾಟಿ ಶುರು. 40 ಹೇರ್‌ಪಿನ್ ತಿರುವುಗಳು, ಪ್ರತಿಯೊಂದಕ್ಕೂ ನಂಬರಿನ ಫಲಕ. ಎಲ್ಲಿದ್ದೇವೆ, ಎಷ್ಟು ಬಾಕಿ ಎಂಬುದು ಪ್ರಯಾಣಿಕನಿಗೆ ಸದಾ ಗೊತ್ತಿರುತ್ತದೆ. ಹೊಟ್ಟೆ ತೊಳಸುವವರಿಗಂತೂ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ನಮ್ಮ ಪ್ರೋಗ್ರಾಂಗಳಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ 99ಕ್ಕೆ ಬಂದು ಅಲ್ಲೇ ಬೀಡು ಬಿಡುವುದನ್ನು ನೆನೆದರೆ ಹೆದ್ದಾರಿ ಇಲಾಖೆಯವರಿಗೆ ಕೈಮುಗಿಯಬೇಕೆನಿಸುತ್ತದೆ. ಒಂಬತ್ತನೆಯ ತಿರುವಿನಲ್ಲಿ ಬಸ್ಸಿನವರು ಒಂದು ನಿಮಿಷ ನಿಲ್ಲಿಸಿದರೆ ಕೆಳಗೆ ಆಳಿಯಾರಿನ ನೀರು ಪೂರಾ ಕಾಣುತ್ತದೆ. ವರಯಾಡು ಎಂಬ ಕಾಡು ಮೇಕೆಗಳು ಅಲ್ಲೇ ಬಂಡೆಯಂಚಿನಲ್ಲಿ, ಗುರುತ್ವಾಕರ್ಷಣೆ ತಮಗೆ ಅನ್ವಯಿಸದವರ ಗತ್ತಿನಲ್ಲಿ ಮೇಯುತ್ತಿರುತ್ತವೆ. ಮೇಲೇರಿದರೆ ಸುಮಾರು 3,500 ಅಡಿ ಎತ್ತರದಲ್ಲಿ ಊರು. 1890ರ ದಶಕದಿಂದ ಬಿಳಿಯ ಪ್ಲಾಂಟರುಗಳು ಮಳೆಕಾಡು ಕಡಿದು ಕಾಫಿ, ಚಹಾ ಹಾಕುತ್ತ ಹೋದ ನೆಲ. ಅವರಲ್ಲಿ ಕಾರ್ವರ್ ಮಾರ್ಷ್ ಎಂಬಾತನ ಪ್ರತಿಮೆ ಈಗಲೂ ದಾರಿಯಲ್ಲಿದೆ. ಕಡಿದು ಉಳಿದ ಕಾಡಿನ ತುಣುಕುಗಳಲ್ಲಿ ಸಿಂಗಳೀಕಗಳು ಬದುಕಿವೆ. ಪುದುತೋಟ್ಟಂ ಬಳಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಅವುಗಳಿಗಾಗಿ ಸೇತುವೆ ಕಟ್ಟಿದ್ದಾರೆ. ಅವು ಸೇತುವೆಯನ್ನೂ ಬಳಸುತ್ತವೆ, ಬೇಸರವಾದರೆ ಜನರ ಅಡುಗೆಮನೆಯನ್ನೂ.

ಎಲೆ ತೂಗುವ ಶೆಡ್ಡಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಮಳೆಯ ಕಾಲದಲ್ಲಿ ಅಲ್ಲಿನ ಗೋಡೆಗಳು ಒಣಗುವುದೇ ಇಲ್ಲವಂತೆ. ಹೆಂಗಸರು ತುಂಬಿದ ಚೀಲಗಳನ್ನು ತಲೆಯ ಮೇಲೆ ಹೊತ್ತು ಸಾಲಾಗಿ ನಿಂತಿದ್ದರು. ಮೇಸ್ತ್ರಿ ಒಬ್ಬ ಕೈಯಲ್ಲಿ ನೋಟ್‌ಬುಕ್ ಹಿಡಿದು ತಕ್ಕಡಿಯ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ಕಂಪ್ಯೂಟರ್ ಕೆಟ್ಟ ದಿನದಿಂದ ಒಂದು ಗ್ರಾಮೂ ಲೆಕ್ಕ ತಪ್ಪಿಲ್ಲ ಎಂದು ಅವನು ನನಗೆ ಹೇಳಿದ. ಹೇಳುವ ಅಗತ್ಯವಿರಲಿಲ್ಲ.

ಕೆಟ್ಟದ್ದನ್ನು ಹುಡುಕುವಾಗ ಮೊದಲು ಮಾಡಬೇಕಾದದ್ದು ಏನನ್ನೂ ಮುಟ್ಟದೆ ನೋಡುವುದು. 1947ರಲ್ಲಿ ಹಾರ್ವರ್ಡಿನ ಯಂತ್ರದೊಳಗೆ ಪತಂಗ ಸಿಕ್ಕ ಕಥೆಯನ್ನು ಹೇಳದೆ ಈ ವಿಷಯದ ಮೇಲೆ ಯಾರೂ ಪ್ರಬಂಧ ಬರೆದಿಲ್ಲ, ನಾನು ಬಿಟ್ಟುಬಿಡುತ್ತೇನೆ. ವಾಲ್ಪಾರೈಯಲ್ಲಿ ಯುಪಿಎಸ್‌ನೊಳಗೆ ಹಲ್ಲಿ, ಕೀಬೋರ್ಡಿನೊಳಗೆ ಇರುವೆ, ನೋಡಲು ಬಂದವನ ಕಾಲಿಗೆ ಇಂಬಳ, ಇಷ್ಟೂ ಮಾಮೂಲು. ಇಂಬಳವನ್ನು ಕಿತ್ತು ಎಸೆದು ಮೇಜು ನೋಡಿದೆ. ಮೇಜು ಲಕಲಕ ಹೊಳೆಯುತ್ತಿತ್ತು. ಮಾನಿಟರಿಗೆ ಚಂದನದ ಪಟ್ಟೆ, ಸಿಪಿಯು ಪೆಟ್ಟಿಗೆಯ ನೆತ್ತಿಯಲ್ಲಿ ಕುಂಕುಮ, ತಕ್ಕಡಿಗೆ ಬಾಡಿದ ಸೇವಂತಿಗೆ ಮಾಲೆ.

"ಆಯುಧ ಪೂಜೆ ಜೋರಾಗಿ ಆಯ್ತು ಅನ್ಸುತ್ತೆ" ಎಂದೆ.

"ಹೂಂ ಸಾರ್, ಎಲ್ಲಾ ಬಿಚ್ಚಿ ಕ್ಲೀನಾ ಒರೆಸಿ ಮಾಡಿದ್ವಿ."

"ಬಿಚ್ಚಿ?"

"ವಯರ್ ಎಲ್ಲಾ ಬಿಚ್ಚದೆ ಧೂಳು ಹೇಗೆ ಹೋಗುತ್ತೆ ಸಾರ್? ಹಾಗೇ ಮತ್ತೆ ಹಾಕಿದ್ವಿ. ಬೇರೆ ಏನೂ ಮಾಡಿಲ್ಲ."

ತಕ್ಕಡಿಯ ಬೆನ್ನಿಗೆ ಒಂಬತ್ತು ಪಿನ್ನಿನ ಹಳೆಯ ಕಾಲದ ಸೀರಿಯಲ್ ಕಿಂಡಿ. ಹೊಸ ಕಂಪ್ಯೂಟರುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ನಡುವೆ ಒಂದು ತುಂಡು ಕೇಬಲ್ ಹಾಕಿ ಅದನ್ನು ಯುಎಸ್‌ಬಿಗೆ ತಿರುಗಿಸುತ್ತಾರೆ. ಅಗ್ಗದ ಕೇಬಲ್‌ಗಳಿಗೆ ತಮ್ಮದೆಂಬ ಸ್ವಂತ ಸಂಖ್ಯೆ ಇರುವುದಿಲ್ಲ. ಆದ್ದರಿಂದ ವಿಂಡೋಸ್ ಅವುಗಳನ್ನು ಕಿಂಡಿಯಿಂದ ಗುರುತಿಸುತ್ತದೆ: ಈ ತೂತಿಗೆ ಹಾಕಿದರೆ ಕಾಮ್ 3, ಪಕ್ಕದ ತೂತಿಗೆ ಹಾಕಿದರೆ ಇವನಾರೋ ಹೊಸಬ ಎಂದು ಕಾಮ್ 5. ಹಿಂದಿನವರು ತಕ್ಕಡಿ ಇರುವುದು ಕಾಮ್ 3ರಲ್ಲೇ ಎಂದು ಕಲ್ಲಿನಲ್ಲಿ ಕೆತ್ತಿದ ಹಾಗೆ ಬರೆದಿಟ್ಟಿದ್ದರು. ಪೂಜೆಯ ದಿನ ತಂತಿ ಒಂದಂಗುಲ ಆಚೆಗೆ ಹೋಗಿತ್ತು. ತಕ್ಕಡಿ ಪಕ್ಕದ ಕಿಂಡಿಯಲ್ಲಿ ನಿಂತು ತೂಕ ಕೂಗುತ್ತಲೇ ಇತ್ತು, ಪ್ರೋಗ್ರಾಂ ಖಾಲಿ ಕಿಂಡಿಗೆ ಕಿವಿಗೊಟ್ಟು ಕೂತಿತ್ತು. ತಂತಿ ಕಿತ್ತು ಮೊದಲಿನ ತೂತಿಗೆ ಹಾಕಿದೆ. ಪರದೆಯಲ್ಲಿ 14.35 ಎಂದು ಬಂತು. ಎಂಟು ತಾಸಿನ ಹಾದಿ, ಅರ್ಧ ಮಿನಿಟಿನ ಕೆಲಸ. ಮೇಸ್ತ್ರಿ ತನ್ನ ನೋಟ್‌ಬುಕ್ ನೋಡಿ, ಅದರಲ್ಲೂ 14.35 ಇರುವುದನ್ನು ಖಚಿತಪಡಿಸಿಕೊಂಡು, ಕಂಪ್ಯೂಟರ್ ಪಾಸಾಯಿತು ಎಂಬಂತೆ ತಲೆಯಾಡಿಸಿದ.

ಪ್ರೋಗ್ರಾಂ ತೆರೆದಾಗಲೆಲ್ಲ ಎಲ್ಲ ಕಿಂಡಿಗಳನ್ನೂ ತಟ್ಟಿ ತಕ್ಕಡಿ ಎಲ್ಲಿದೆಯೆಂದು ಹುಡುಕಿಕೊಳ್ಳುವ ಹಾಗೆ ನಾನು ಅಲ್ಲೇ ಕೂತು ತಿದ್ದತೊಡಗಿದೆ. ಅದು ಮುಗಿಯುವ ಮೊದಲೇ ಗುಮಾಸ್ತರು ಬಟ್ಟಲಿನಿಂದ ಒಂದಿಷ್ಟು ಕುಂಕುಮ ಕಲಸಿ ಸರಿಯಾದ ತೂತಿನ ಮೇಲೆ ಒಂದು ಬೊಟ್ಟು ಇಟ್ಟರು. ಇನ್ನು ಯಾರೂ ತಪ್ಪಿ ಹಾಕುವುದಿಲ್ಲ. ಪೂಜೆಯಿಂದ ಕೆಟ್ಟದ್ದು ಕುಂಕುಮದಿಂದಲೇ ಸರಿಯಾಯಿತು. ನನ್ನ ತಿದ್ದುಪಡಿಗಿಂತ ಅವರದೇ ಒಳ್ಳೆಯದು ಎಂಬುದು ಈಗಲೂ ನನ್ನ ಅಭಿಪ್ರಾಯ. ಅದಕ್ಕೆ ವಿಂಡೋಸ್ ಅಪ್‌ಡೇಟಿನ ಭಯವಿಲ್ಲ.

ಬಂದದ್ದೇ ಬಂದೆ, ಇನ್ನೊಂದು ದೂರೂ ಇತ್ತು. ಸಂಜೆ ಎಲ್ಲ ತೂಕವನ್ನು ಕೂಡಿಸುವಾಗ ಪ್ರೋಗ್ರಾಂ ಬೆಳ್ಳಗಾಗಿ ನಿಲ್ಲುತ್ತದೆ, ತಲೆಬರಹದಲ್ಲಿ "ನಾಟ್ ರೆಸ್ಪಾಂಡಿಂಗ್" ಎಂದು ಬರುತ್ತದೆ. ಪ್ರೋಗ್ರಾಮು ಸತ್ತಿರುವುದಿಲ್ಲ, ಲೆಕ್ಕ ಮಾಡುತ್ತಿರುತ್ತದೆ. ಕಿಟಕಿಯನ್ನು ನೋಡಿಕೊಳ್ಳುವವನಿಗೇ ಲೆಕ್ಕದ ಕೆಲಸವನ್ನೂ ಹೊರಿಸಿದ್ದರಿಂದ ಕರೆದರೆ ಓಗೊಡುವವರಿಲ್ಲ. ವಿಂಡೋಸ್ ಐದು ಸೆಕೆಂಡ್ ಕಾದು ಆಮೇಲೆ ಊರಿಗೆಲ್ಲ ಸುದ್ದಿ ಹಬ್ಬಿಸುತ್ತದೆ. ಗಾಬರಿಯಾದವರು ಉಳಿಸು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ, ಅದು ಎದ್ದಮೇಲೆ ಒಂದೇ ತೂಕ ಎರಡು ಮೂರು ಸಲ ಖಾತೆಗೆ ಬೀಳುವುದೂ ಉಂಟು. ಭಾರದ ಕೆಲಸವನ್ನು ಹಿಂಬದಿಯಲ್ಲಿ ಥ್ರೆಡ್ ಎಂಬ ಇನ್ನೊಬ್ಬ ಆಳಿಗೆ ಕೊಟ್ಟು, ಅದು ಮುಗಿಯುವ ತನಕ ಗುಂಡಿಯನ್ನು ಮಂಕು ಮಾಡಿಡುವುದು ಇದಕ್ಕೆ ಪರಿಹಾರ. ಹಳೆಯ ಭಾಷೆಯಲ್ಲಿ ಥ್ರೆಡ್ಡಿನ ಸಹವಾಸ ಕಷ್ಟ. ಗುಂಡಿ ಮಂಕು ಮಾಡಿ, "ಲೆಕ್ಕ ನಡೆಯುತ್ತಿದೆ" ಎಂಬ ಫಲಕ ಹಾಕಿ ಕೈತೊಳೆದುಕೊಂಡೆ.

ಆ ಹೊತ್ತಿಗೆ ಕತ್ತಲಾಗಿತ್ತು. ಗುಮಾಸ್ತರ ಮೊಬೈಲು ಟಿಣ್ ಎಂದಿತು. ನೋಡಿ, "ಸಾರ್, ಈಗ ಹೊರಗೆ ಹೋಗ್ಬೇಡಿ. ಆನೆ ಇದೆ" ಎಂದು ಸಂದೇಶ ತೋರಿಸಿದರು. ಯಾವ ಎಸ್ಟೇಟು, ಯಾವ ಡಿವಿಜನ್ನಿನ ಯಾವ ಫೀಲ್ಡಿನ ಬಳಿ ಆನೆಗಳಿವೆ ಎಂದು ಎರಡೇ ಸಾಲಿನಲ್ಲಿತ್ತು. ಅವರು ಕಿಟಕಿಯಿಂದ ಆ ದಿಕ್ಕು ತೋರಿಸಿ, ಇನ್ನೊಂದು ಹಾದಿ ಹೇಳಿ, ಚಹಾ ತರಿಸಿದರು. ಗಾಬರಿಯಿಲ್ಲ, ಗೊಂದಲವಿಲ್ಲ.

ಈ ಏರ್ಪಾಟಿನ ಹಿಂದೆ ನಮ್ಮ ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇದೆ. ವಾಲ್ಪಾರೈ ಪ್ರಸ್ಥಭೂಮಿ ಸುಮಾರು 220 ಚದರ ಕಿಲೋಮೀಟರ್. ನಡುವೆ ತೋಟಗಳು, ಜನ. ಸುತ್ತ ಆನಮಲೈ ಹುಲಿ ಸಂರಕ್ಷಿತ ಪ್ರದೇಶ, ಕೇರಳದ ಪರಂಬಿಕುಳಂ ಕಾಡು. ಆನೆಗಳಿಗೆ ಅದು ಹಳೆಯ ಓಡಾಟದ ದಾರಿ. ಆ ಸಂಸ್ಥೆಯ ವಿಜ್ಞಾನಿ ಆನಂದ ಕುಮಾರ್ ಮತ್ತು ಜೊತೆಯವರು ವರ್ಷಗಟ್ಟಲೆ ನೋಡಿ ಕಂಡುಕೊಂಡದ್ದೇನೆಂದರೆ, ಸಾವುಗಳು ಹೆಚ್ಚಾಗಿ ಆದದ್ದು ಆನೆ ಹತ್ತಿರದಲ್ಲಿದೆ ಎಂದು ಜನಕ್ಕೆ ಗೊತ್ತಿಲ್ಲದೆ ಎದುರಾದಾಗ. ಹಾಗಾಗಿ ಮೊದಲು ಸ್ಥಳೀಯ ಕೇಬಲ್ ಟಿವಿಯಲ್ಲಿ ಸಂಜೆ ಓಡುವ ಸಾಲು, ಆಮೇಲೆ ಮೊಬೈಲಿಗೆ ಸಂದೇಶ, ಜೊತೆಗೆ ಎತ್ತರದ ಜಾಗಗಳಲ್ಲಿ ಮೊಬೈಲ್ ಕರೆಯಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳು. ಓದಲು ಬಾರದವರಿಗೂ ಆ ದೀಪ ಕಂಡರೆ ಸಾಕು. ಈ ಕೆಲಸಕ್ಕೆ ಆನಂದ ಕುಮಾರ್ ಅವರಿಗೆ 2015ರಲ್ಲಿ ವ್ಹಿಟ್ಲಿ ಪ್ರಶಸ್ತಿ ಬಂತು.

ಚಹಾ ಕುಡಿಯುತ್ತ ಎರಡೂ ಪರದೆಗಳನ್ನು ನೋಡಿದೆ. ಮೊಬೈಲಿನಲ್ಲಿ ಆನೆ: ಏನು, ಎಲ್ಲಿ ಎಂಬುದು ಸ್ಪಷ್ಟ, ಏನು ಮಾಡಬೇಕೆಂಬುದು ಓದಿದವನಿಗೆ ತಾನೇ ಹೊಳೆಯುತ್ತದೆ. ಕಂಪ್ಯೂಟರಿನಲ್ಲಿ ಬಂದಿದ್ದದ್ದು ಮೈನಸ್ 214 ಕೋಟಿ. ನಮ್ಮಲ್ಲಿ ಯಾರಿಗಾದರೂ ಆ ಆನೆಯ ಸಂದೇಶ ಬರೆಯುವ ಕೆಲಸ ಕೊಟ್ಟಿದ್ದರೆ "ಅನಿರೀಕ್ಷಿತ ಘಟನೆ ಸಂಭವಿಸಿದೆ. ದಯವಿಟ್ಟು ನಿಮ್ಮ ಆಡಳಿತಾಧಿಕಾರಿಯನ್ನು ಸಂಪರ್ಕಿಸಿ" ಎಂದು ಬರೆದು, ಕೆಳಗೆ ಓಕೆ ಎಂಬ ಒಂದೇ ಗುಂಡಿ ಇಡುತ್ತಿದ್ದೆವು. ಓಕೆ ಒತ್ತಿದವನು ಹೊರಗೆ ಹೋಗುತ್ತಿದ್ದ. ಹಳೆಯ ಕಂಪ್ಯೂಟರುಗಳು ಕೀಬೋರ್ಡ್ ಸಿಗದಿದ್ದಾಗ "ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ" ಎನ್ನುತ್ತಿದ್ದವು. ಆ ಸಂತತಿ ನಮ್ಮದು. ನಮ್ಮ ವಿಷುಯಲ್ ಬೇಸಿಕ್ಕಿನಲ್ಲಂತೂ "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್" ಎಂಬ ಒಂದು ಸಾಲುಂಟು. ಅದನ್ನು ಬರೆದರೆ ಏನೇ ತಪ್ಪಾದರೂ ಬಾಯಿ ಬಿಡದೆ ಮುಂದಿನ ಸಾಲಿಗೆ ಹೋಗುತ್ತದೆ. ಪರದೆಯಲ್ಲಿ ಬೈಗುಳ ಬರುವುದಿಲ್ಲ, ಗ್ರಾಹಕರಿಗೆ ಸಂತೋಷ. ತಿಂಗಳ ಕೊನೆಗೆ ಕೂಲಿಯ ಮೊತ್ತ ಸೊನ್ನೆ ಬಂದಾಗ ಮಾತ್ರ ಎಲ್ಲಿ ತಪ್ಪಿತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಆ ಎಸ್ಟೇಟಿನ ಪ್ರೋಗ್ರಾಮಿನಲ್ಲಿ ಆ ಸಾಲು ಹೆಜ್ಜೆಗೊಂದು ಇತ್ತು. ರಾತ್ರಿ ಆನೆಗಳು ದಾರಿ ಬಿಡುವ ತನಕ ಕೂತು, ತೂಕಕ್ಕೆ ಸಂಬಂಧಪಟ್ಟ ಕಡೆಗಳಲ್ಲೆಲ್ಲ ಅದನ್ನು ಕಿತ್ತುಹಾಕಿದೆ. ಬದಲಿಗೆ ತಕ್ಕಡಿ ಸಿಗದಿದ್ದರೆ ತಮಿಳಿನ ಒಂದು ವಾಕ್ಯ ತೋರಿಸುವ ಚಿತ್ರ ಸೇರಿಸಿದೆ. ಪೆಟ್ಟಿಗೆಗಳಿಗೆ ಯೂನಿಕೋಡ್ ಬಾರದ್ದರಿಂದ ಅಕ್ಷರಗಳನ್ನೇ ಚಿತ್ರ ಮಾಡಿ ಅಂಟಿಸಬೇಕಾಯಿತು. ವಾಕ್ಯವನ್ನು ಗುಮಾಸ್ತರೇ ಹೇಳಿಕೊಟ್ಟರು: ತಕ್ಕಡಿಯ ತಂತಿ ಸಿಗುತ್ತಿಲ್ಲ, ಕುಂಕುಮ ಇಟ್ಟ ತೂತಿನಲ್ಲಿದೆಯೇ ನೋಡಿ. ನನ್ನ ಕಸುಬಿನಲ್ಲಿ ಇದಕ್ಕಿಂತ ಒಳ್ಳೆಯ ಎರರ್ ಮೆಸೇಜನ್ನು ನಾನು ಕಂಡಿಲ್ಲ.

ನಾವು ಬರೆಯುವವರು ಸುಧಾರಿಸಲು ಇನ್ನೂ ಕಾಲ ಬೇಕು. ಅಲ್ಲಿಯವರೆಗೆ ನಿಮ್ಮಿಂದ ಒಂದು ಉಪಕಾರವಾಗಬೇಕು. ಕಂಪ್ಯೂಟರಿನಲ್ಲಿ ಅರ್ಥವಾಗದ ಚೌಕವೊಂದು ಧುತ್ತೆಂದು ಬಂದರೆ ಗಾಬರಿಯಾಗಿ ಓಕೆ ಒತ್ತಬೇಡಿ. ಮೊದಲು ಮೊಬೈಲಿನಲ್ಲಿ ಅದರ ಒಂದು ಫೋಟೊ ತೆಗೆದು ನಿಮ್ಮ ಪ್ರೋಗ್ರಾಮರಿಗೆ ಕಳಿಸಿ. ನಿನ್ನೆ ಮೊನ್ನೆ "ಏನೂ ಮಾಡದೆ" ಏನೇನು ಮಾಡಿದಿರಿ ಎಂಬುದನ್ನೂ ಕೆಳಗೆ ಎರಡು ಸಾಲು ಬರೆಯಿರಿ. ಮತ್ತೆ, ಫೋಟೊ ತೆಗೆಯುವಾಗ ಫ್ಲ್ಯಾಶ್ ಹಾಕಬೇಡಿ. ಗಾಜಿನ ಮೇಲೆ ಬೆಳಕು ಬಿದ್ದು ಬೇಕಾದ ಸಾಲೇ ಕಾಣುವುದಿಲ್ಲ.